ಆರೋಗ್ಯ ಸೇವಾ ಸಂಸ್ಥೆಯಲ್ಲಿ ನೌಕರಿ: ಒಪ್ಪಿಕೊಳ್ಳುವ ಮುನ್ನ ಒಳಗಿನವರನ್ನು ಕೇಳುತ್ತಿದ್ದೇನೆ

ಡೊಂಬಿವಲಿ ನಿವಾಸಿ (ಪ್ರಶ್ನೆ ಕೇಳಿದವರು)

ಮುಂಬಯಿ, ಪುಣೆ, ಗೋವೆಗಳ ಕನ್ನಡ ಬಂಧುಗಳಿಗೆ ನಮಸ್ಕಾರ. ನಾನು ಠಾಣೆಯ ಖಾಸಗಿ ಆಸ್ಪತ್ರೆಯೊಂದರ ವಿಮಾ ವಿಭಾಗದಲ್ಲಿ ಎಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ರೋಗಿಯ ಕಡತವನ್ನು ವಿಮಾ ಕಂಪನಿಗೆ ಕಳುಹಿಸುವುದು, ಅವರು ತೆಗೆಯುವ ತಕರಾರುಗಳಿಗೆ ವೈದ್ಯರಿಂದ ಉತ್ತರ ಬರೆಸಿಕೊಳ್ಳುವುದು, ಮಂಜೂರಾತಿ ಬರುವವರೆಗೆ ಬಟ್ಟೆಬರೆ ಕಟ್ಟಿಕೊಂಡು ಕುಳಿತ ರೋಗಿಯ ಮನೆಯವರನ್ನು ಸಮಾಧಾನಪಡಿಸುವುದು, ಇಷ್ಟರಲ್ಲಿ ನನ್ನ ದಿನ ಮುಗಿಯುತ್ತದೆ. ಕಳೆದ ತಿಂಗಳು, ಗೋವಂಡಿ ಮತ್ತು ಮಾನ್‌ಖುರ್ದ್ ಭಾಗದಲ್ಲಿ ಕ್ಷಯರೋಗಿಗಳ ನಡುವೆ ಕೆಲಸ ಮಾಡುವ ಲಾಭರಹಿತ ಸಂಸ್ಥೆಯೊಂದರಿಂದ ಸಂಯೋಜಕಿಯ ಹುದ್ದೆಗೆ ಕರೆ ಬಂದಿದೆ. ಯಾದಗಿರಿ, ಕಲಬುರಗಿ, ವಿಜಯಪುರಗಳ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳೂ ಅವರ ಪಟ್ಟಿಯಲ್ಲಿ ಇರುವುದರಿಂದ ಕನ್ನಡ ಬಲ್ಲವರೇ ಬೇಕೆಂದು ಅವರು ಕೇಳಿದ್ದಾರೆ.

ಸಂಬಳ ಈಗಿನದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಅತ್ತೆಯವರು ಪುಣ್ಯದ ಕೆಲಸವೆಂದು ಸಂತೋಷಪಟ್ಟರು. ನಮ್ಮ ಯಜಮಾನರು ಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ. ಮನೆ ಸಾಲದ ಕಂತಿನ ಕಾಗದವನ್ನು ಮಾತ್ರ ಎರಡು ದಿನಗಳಿಂದ ಊಟದ ಮೇಜಿನ ಮೇಲೆ ಬಿಟ್ಟುಹೋಗುತ್ತಿದ್ದಾರೆ. ಇಂಥ ಸಂಸ್ಥೆಗಳಲ್ಲಿ ದಿನದ ಕೆಲಸ ಹೇಗಿರುತ್ತದೆ, ದುಡ್ಡು ಎಲ್ಲಿಂದ ಬರುತ್ತದೆ, ಅದು ನಿಂತುಹೋದರೆ ನಮ್ಮ ಗತಿಯೇನು ಎಂಬುದನ್ನು ಒಳಗೆ ಕೆಲಸ ಮಾಡಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಗೋವಂಡಿಯ ಕಾರ್ಯಕರ್ತೆ

ನಿಮ್ಮನ್ನು ಕರೆದ ಸಂಸ್ಥೆ ಯಾವುದೆಂದು ನಾನು ಕೇಳುವುದಿಲ್ಲ. ಇದೇ ವಾರ್ಡಿನಲ್ಲಿ ಹನ್ನೊಂದು ವರ್ಷಗಳಿಂದ ಮೂರು ಸಂಸ್ಥೆಗಳನ್ನು ಬದಲಾಯಿಸಿ, ಹೆಚ್ಚುಕಡಿಮೆ ಅವೇ ಗಲ್ಲಿಗಳಲ್ಲಿ ಇದೇ ಕೆಲಸವನ್ನು ಮಾಡಿಕೊಂಡು ಬಂದಿದ್ದೇನೆ. ಬ್ಯಾಗಿನ ಮೇಲಿನ ಹೆಸರು ಮಾತ್ರ ಬದಲಾಗಿದೆ.

ದಿನ ಬೆಳಗ್ಗೆ ಏಳಕ್ಕೆ ಶುರುವಾಗುತ್ತದೆ. ಎಂಟು ಗಂಟೆಯಾಯಿತೆಂದರೆ ಗಂಡಸರು ನಾಕಾದಲ್ಲಿ ಕೂಲಿಗೆ ನಿಂತಿರುತ್ತಾರೆ, ಹೆಂಗಸರು ಚೆಂಬೂರಿನ ಕಡೆಗೆ ಮನೆಗೆಲಸಕ್ಕೆ ಹೊರಟಿರುತ್ತಾರೆ, ಆಮೇಲೆ ಬಾಗಿಲು ತಟ್ಟಿದರೆ ಮಕ್ಕಳು ಮಾತ್ರ ಸಿಗುತ್ತಾರೆ. ಆದ್ದರಿಂದ ಅವರು ಚಹಾ ಕುಡಿಯುವ ಹೊತ್ತಿಗೆ ಹೋಗಿ, ಮಾತ್ರೆಯ ಪಟ್ಟಿಯಲ್ಲಿ ಎಷ್ಟು ಖಾಲಿಯಾಗಿದೆ ಎಂದು ನೋಡಿ, ವಾಂತಿ, ಕಣ್ಣು ಹಳದಿಯಾಗುವುದು, ಕಾಲು ಜೋಮು ಹಿಡಿಯುವುದು ಇವನ್ನೆಲ್ಲ ವಿಚಾರಿಸಿ, ಮನೆಯಲ್ಲಿ ಇನ್ನಾರಾದರೂ ಕೆಮ್ಮುತ್ತಿದ್ದರೆ ಅವರ ಕೈಗೂ ಕಫದ ಡಬ್ಬಿ ಕೊಟ್ಟು ಬರಬೇಕು. ಪುನರ್ವಸತಿಗಾಗಿ ಕಟ್ಟಿದ ಕಟ್ಟಡಗಳನ್ನು ನೀವು ನೋಡಿಲ್ಲವಾದರೆ ಒಮ್ಮೆ ನೋಡಿ: ಒಂದಕ್ಕೊಂದು ಅಂಟಿಕೊಂಡಂತೆ ನಿಂತಿವೆ, ಕೆಳಗಿನ ಮಹಡಿಗಳಿಗೆ ಮಧ್ಯಾಹ್ನವೂ ಬಿಸಿಲು ಇಳಿಯುವುದಿಲ್ಲ, ಕಿಟಕಿ ತೆರೆದರೆ ಎದುರಿನ ಮನೆಯವರು ಎಸೆದ ಕಸದ ವಾಸನೆ ಬರುತ್ತದೆ ಎಂದು ಜನ ಅದನ್ನೂ ಮುಚ್ಚಿಕೊಂಡಿರುತ್ತಾರೆ. ಗಾಳಿ ಬೆಳಕು ಇಲ್ಲದ ಕೋಣೆಯಲ್ಲಿ ಆರು ಜನ ಮಲಗಿದರೆ ಕ್ಷಯಕ್ಕೆ ಇನ್ನೇನು ಬೇಕು.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಮಾತ್ರೆ ನುಂಗಲು ತೊಡಗಿದ ಕೂಡಲೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಿಫಾಂಪಿಸಿನ್ ಔಷಧಿಯ ಗುಣ, ಅಪಾಯವೇನೂ ಇಲ್ಲ. ಆದರೆ ಇದನ್ನು ಮೊದಲೇ ಹೇಳದೆ ಹೋದರೆ ರಕ್ತ ಹೋಗುತ್ತಿದೆಯೆಂದು ಹೆದರಿ ಮಾರನೆಯ ದಿನವೇ ಮಾತ್ರೆ ಬಿಡುವವರಿದ್ದಾರೆ. ಹೆದರಿಕೆಯನ್ನು ಹೇಗಾದರೂ ಹೋಗಲಾಡಿಸಬಹುದು. ಗುಣವಾದಂತೆ ಅನ್ನಿಸುವುದೇ ನಿಜವಾದ ಕಷ್ಟ. ಎರಡನೆಯ ತಿಂಗಳಿಗೆ ಜ್ವರ ಇಳಿದು, ಹಸಿವು ಮರಳಿ, ಮೈಗೆ ಕಸುವು ಬಂದಾಗ, ಇನ್ನೂ ನಾಲ್ಕು ತಿಂಗಳು ನುಂಗಬೇಕು ಎನ್ನುವ ನಮ್ಮ ಮಾತು ಅವರಿಗೆ ಪೀಡೆಯಾಗಿ ಕೇಳಿಸುತ್ತದೆ. ಅದರ ಮೇಲೆ ಡಿಸೆಂಬರಿನಲ್ಲಿ ಕಲಬುರಗಿ ಕಡೆಯವರು ತೊಗರಿ ಕಟಾವಿಗೆ ಊರಿಗೆ ಹೊರಟುಬಿಡುತ್ತಾರೆ. ಹೇಳಿ ಹೋದರೆ ಕ್ಷಯರೋಗಿಗಳ ದಾಖಲೆ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲಿನಲ್ಲಿ ಅವರ ಹೆಸರನ್ನು ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಿ, ಅಲ್ಲಿಯ ಚಿಕಿತ್ಸಾ ಮೇಲ್ವಿಚಾರಕರಿಗೆ ಫೋನು ಮಾಡಿ, ಇಂಥವರು ಇಂಥ ರೈಲಿಗೆ ಬರುತ್ತಿದ್ದಾರೆ, ಇಂಥ ದಿನಕ್ಕೆ ಮಾತ್ರೆ ಮುಗಿಯುತ್ತದೆ ಎಂದು ತಿಳಿಸುತ್ತೇವೆ. ಹೇಳದೆ ಹೋದರೆ ಪಕ್ಕದ ಮನೆಯವರಿಂದ ನಂಬರು ಹುಡುಕಿ ತೆಗೆಯಬೇಕು. ನಿಮ್ಮ ಕನ್ನಡ ಅವರಿಗೆ ಬೇಕಾಗಿರುವುದು ಇದಕ್ಕೇ ಇರಬೇಕು. ನಾನು ಬರುವ ಮೊದಲು ಈ ಫೋನುಗಳು ಹಿಂದಿಯಲ್ಲಿ ನಡೆಯುತ್ತಿದ್ದವು, ಆ ಕಡೆಯವರು ಹೂಂ ಹೂಂ ಎಂದು ಇಟ್ಟುಬಿಡುತ್ತಿದ್ದರು.

ನಡುವೆ ಒಂದು ಮಾತು. ಇಲ್ಲಿ ನಮ್ಮನ್ನೆಲ್ಲ ಮರಾಠಿಯಲ್ಲಿ ‘ತಾಈ’ ಎಂದು ಕರೆಯುತ್ತಾರೆ. ಅಕ್ಕ ಎಂದು ಅರ್ಥ. ಊರಿನಿಂದ ಹೊಸದಾಗಿ ಬಂದ ಯಾದಗಿರಿಯ ಅಜ್ಜಿಯೊಬ್ಬರು ಇಪ್ಪತ್ತೈದರ ಹುಡುಗಿಯನ್ನು ಎಲ್ಲರೂ ‘ತಾಯಿ’ ಎನ್ನುವುದನ್ನು ಕೇಳಿ, ಈ ಮಗುವಿಗೆ ಇಷ್ಟೊಂದು ಮಕ್ಕಳೇ ಎಂದು ನಕ್ಕಿದ್ದರು. ಆಮೇಲೆ ಅವರೂ ಹಾಗೆಯೇ ಕರೆದರು, ಆದರೆ ಕನ್ನಡದ ಅರ್ಥದಲ್ಲಿ.

ಕೊನೆಯದಾಗಿ, ನೀವು ಕೇಳದೆ ಬಿಟ್ಟ ಪ್ರಶ್ನೆ. ಔಷಧಿಗೆ ಬಗ್ಗದ ಕ್ಷಯಕ್ಕೆ ಬಹುಕಾಲ ಹದಿನೆಂಟರಿಂದ ಇಪ್ಪತ್ತು ತಿಂಗಳ ಚಿಕಿತ್ಸೆ ಇತ್ತು, ಈಗಲೂ ಕೆಲವರಿಗೆ ಹಾಗೆಯೇ ಇದೆ. ಆರು ತಿಂಗಳ ಹೊಸ ಔಷಧಿಕ್ರಮಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2024ರಲ್ಲಿ. ಆದರೆ ನಮ್ಮ ಪ್ರಾಜೆಕ್ಟಿನ ಆಯಸ್ಸು ಹನ್ನೆರಡು ತಿಂಗಳು. ಒಂದು ವರ್ಷ ಮಾರ್ಚ್ 31ಕ್ಕೆ ಹಣ ನಿಂತಿತು. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಜನ ಚಿಕಿತ್ಸೆಯ ನಡುವೆ ಇದ್ದರು. ಔಷಧಿ ಸರ್ಕಾರದ್ದು, ಅದು ನಿಲ್ಲಲಿಲ್ಲ, ಆ ಪುಣ್ಯ ಇತ್ತು. ಬಾಗಿಲು ತಟ್ಟುವವರು ಮಾತ್ರ ಇಲ್ಲವಾದರು. ಮುಂದಿನ ಎರಡು ತಿಂಗಳು ನಾವಿಬ್ಬರು ಸಂಬಳವಿಲ್ಲದೆ ವಾರಕ್ಕೆ ಮೂರು ದಿನ ಹೋಗಿಬಂದೆವು. ಇದನ್ನು ಹೆಗ್ಗಳಿಕೆಗೆ ಹೇಳುತ್ತಿಲ್ಲ. ಅಂಥ ಪರಿಸ್ಥಿತಿ ಬರಲೇಬಾರದಿತ್ತು ಎಂದು ಹೇಳುತ್ತಿದ್ದೇನೆ. ಸಂದರ್ಶನದಲ್ಲಿ ನೀವು ಕೇಳಬೇಕಾದದ್ದು ಸಂಬಳದ ಪ್ರಶ್ನೆಗಿಂತ ಮೊದಲು ಇದನ್ನು: ಹಣ ಮುಗಿದ ದಿನ ರೋಗಿಗಳನ್ನು ಯಾರ ಕೈಗೆ ಒಪ್ಪಿಸುತ್ತೀರಿ?

ಮುಲುಂಡಿನ ಲೆಕ್ಕಿಗ

ನಾನು ನಾಲ್ಕೈದು ಸಂಸ್ಥೆಗಳ ಲೆಕ್ಕಪತ್ರ ನೋಡುತ್ತೇನೆ. ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರಿಸುತ್ತೇನೆ.

ಮೂರು ಮುಖ್ಯ ದಾರಿಗಳಿವೆ. ಮೊದಲನೆಯದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಎಲ್ಲರೂ ಸಿಎಸ್‌ಆರ್ ಎನ್ನುವುದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಇದು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಂಪನಿಗಳು ಆರ್ಥಿಕ ವರ್ಷಕ್ಕೆ ತಕ್ಕಂತೆ ಯೋಚಿಸುತ್ತವೆ, ಆದ್ದರಿಂದಲೇ ಮೇಲಿನ ಸೋದರಿ ಬರೆದ ಮಾರ್ಚ್ 31 ಎಂಬ ಗಡುವು. ಎರಡನೆಯದು ವಿದೇಶಿ ದೇಣಿಗೆ. 2020ರ ತಿದ್ದುಪಡಿಯ ನಂತರ ಇಂಥ ಹಣವೆಲ್ಲ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯೊಂದರ ಖಾತೆಗೇ ಬರಬೇಕು, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ಹಂಚುವಂತಿಲ್ಲ, ಆಡಳಿತ ವೆಚ್ಚ ಶೇ. 50ರ ಬದಲು ಶೇ. 20ನ್ನು ಮೀರುವಂತಿಲ್ಲ. ದೊಡ್ಡ ಸಂಸ್ಥೆಯಿಂದ ಪಾಲು ಪಡೆದು ನಡೆಯುತ್ತಿದ್ದ ಗಲ್ಲಿಯ ಸಣ್ಣ ಸಂಸ್ಥೆಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಈ ಹಂಚುವಂತಿಲ್ಲ ಎಂಬ ಮಾತಿನಿಂದ. ಮೂರನೆಯದು ನಮ್ಮ ನಿಮ್ಮಂಥವರು ಕೊಡುವ ಸಾವಿರ, ಐದು ಸಾವಿರ. ಅದಕ್ಕೆ ಆದಾಯ ತೆರಿಗೆಯ ರಿಯಾಯಿತಿಗೆ ತೋರಿಸಬಹುದಾದ ರಸೀದಿ ಸಿಗುತ್ತದೆ. ಮೊತ್ತ ಚಿಕ್ಕದು, ಆದರೆ ಯಾವ ಷರತ್ತೂ ಇಲ್ಲದೆ ಬರುವ ಹಣ ಬಹುಮಟ್ಟಿಗೆ ಇದೊಂದೇ.

ನಿಮ್ಮ ಸಂಬಳ ಏಕೆ ಕಡಿಮೆ ಎಂಬುದೂ ಇಲ್ಲಿಯೇ ಇದೆ. ವಿದೇಶಿ ದೇಣಿಗೆಯ ಲೆಕ್ಕದಲ್ಲಿ ಆಸ್ಪತ್ರೆಯ ವೈದ್ಯರ ಸಂಬಳ ಆಡಳಿತ ವೆಚ್ಚವಲ್ಲ, ಕಚೇರಿ ನಡೆಸುವವರ ಮತ್ತು ಲೆಕ್ಕ ಬರೆಯುವವರ ಸಂಬಳ ಆಡಳಿತ ವೆಚ್ಚ. ದಾನಿಗಳ ಮನಸ್ಸಿನಲ್ಲಂತೂ ಔಷಧಿ, ಯಂತ್ರ, ಆಂಬುಲೆನ್ಸ್ ಇವೆಲ್ಲ ಸೇವೆ. ಮನುಷ್ಯರಿಗೆ ಕೊಡುವ ಸಂಬಳ ಸೋರಿಕೆ. ಆಂಬುಲೆನ್ಸಿನ ಮೇಲೆ ಕಂಪನಿಯ ಹೆಸರು ಬರೆಸಬಹುದು, ಕಾರ್ಯಕರ್ತೆಯ ಹಣೆಯ ಮೇಲೆ ಬರೆಸಲಾಗುವುದಿಲ್ಲವಲ್ಲ.

ಕಾಂದಿವಲಿಯ ಹಿರಿಯರು

ಚರ್ಚೆಯನ್ನು ಗಮನಿಸುತ್ತಿದ್ದೇನೆ. ನನಗೆ ಎಪ್ಪತ್ತಾರು ವರ್ಷ. ಕೋಟೆ ಭಾಗದ ಹೋಟೆಲಿನಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವನು ನಾನು. ನನಗೆ ಲೆಕ್ಕ ಕಲಿಸಿದ ಗುರುಗಳು ಬ್ಯಾಂಕಿನ ಕೆಲಸ ಮುಗಿಸಿ ಬಂದು, ಬರೀ ಟ್ರಾಮಿನ ಖರ್ಚಿನಷ್ಟು ಪಡೆದು ಪಾಠ ಹೇಳುತ್ತಿದ್ದರು. ನಮ್ಮ ಸಂಘ ಸಂಸ್ಥೆಗಳು ಬೆಳೆದದ್ದು ಹಾಗೆ. ಸೇವೆಗೆ ಸಂಬಳದ ಲೆಕ್ಕ, ಶೇಕಡಾವಾರು, ಭವಿಷ್ಯನಿಧಿ ಇವನ್ನೆಲ್ಲ ತಳುಕುಹಾಕಿದರೆ ಅದಕ್ಕೂ ಕಂಪನಿ ನೌಕರಿಗೂ ಏನು ಅಂತರ ಉಳಿಯಿತು? ತಂಗಿ, ನಿಮ್ಮ ಮನಸ್ಸನ್ನು ನೋಯಿಸಲು ಹೇಳುತ್ತಿಲ್ಲ. ಹೊಟ್ಟೆಪಾಡಿಗೆ ಈಗಿರುವ ಆಸ್ಪತ್ರೆಯ ಕೆಲಸ ಇರಲಿ, ಭಾನುವಾರ ಸೇವೆ ಮಾಡಿ ಎಂದು ನನ್ನ ಸಲಹೆ.

ಪರೇಲಿನ ನಿವೃತ್ತ ಸಮಾಜ ಕಾರ್ಯಕರ್ತೆ

ಕಾಂದಿವಲಿಯ ಹಿರಿಯರಿಗೆ ವಿನಯಪೂರ್ವಕ ನಮಸ್ಕಾರ. ತಮ್ಮ ಗುರುಗಳಂಥವರು ಇದ್ದುದರಿಂದಲೇ ನಮ್ಮ ತಂದೆಯವರೂ ಓದಿದರು, ಆ ಋಣವನ್ನು ಮರೆತಿಲ್ಲ. ಆದರೆ ಗುರುಗಳಿಗೆ ಬ್ಯಾಂಕಿನ ಸಂಬಳವಿತ್ತು, ಸಂಜೆಯ ಪಾಠಕ್ಕೆ ಎರಡು ಗಂಟೆ ಸಾಕಿತ್ತು. ಕ್ಷಯ, ಕ್ಯಾನ್ಸರ್, ಹೆರಿಗೆ ಇವು ಭಾನುವಾರಕ್ಕೆ ಕಾಯುವುದಿಲ್ಲ. ಇನ್ನೊಂದನ್ನೂ ತಾವು ಗಮನಿಸಬೇಕು: ಸಂಸ್ಥೆಯ ಕಟ್ಟಡದ ಗುತ್ತಿಗೆದಾರನಿಗೂ, ವಾಹನದ ಡೀಸೆಲಿಗೂ ಸೇವೆ ಎಂದು ಯಾರೂ ರಿಯಾಯಿತಿ ಕೇಳುವುದಿಲ್ಲ. ಸೇವೆ ಎಂಬ ಮಾತು ಸಭೆಯಲ್ಲಿ ಏಳುವುದು ಹೆಂಗಸರ ಸಂಬಳ ಏರಿಸುವ ವಿಷಯ ಬಂದಾಗ. ಮೂವತ್ತೊಂದು ವರ್ಷಗಳಲ್ಲಿ ಇದು ತಪ್ಪಿದ್ದನ್ನು ನಾನು ಕಂಡಿಲ್ಲ.

ಇದು ಕಲಿತು ಮಾಡಬೇಕಾದ ಕೆಲಸವೆಂದು ಈ ಊರು ಬಹಳ ಹಿಂದೆಯೇ ಒಪ್ಪಿಕೊಂಡಿತ್ತು. ಇಂದು ದೇವನಾರದಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಸಮಾಜಕಾರ್ಯದ ಶಾಲೆಯಾಗಿ ಆರಂಭವಾದದ್ದು 1936ರಲ್ಲಿ. ಭಾರತದ ಆಸ್ಪತ್ರೆಯೊಂದರಲ್ಲಿ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕವಾದದ್ದು 1946ರಲ್ಲಿ, ನಮ್ಮ ಜೆ.ಜೆ. ಆಸ್ಪತ್ರೆಯಲ್ಲಿ. ಆಸ್ಪತ್ರೆಯೊಳಗಿನ ಅನುಭವವೇ ಹೊರಗೆ ಸಂಸ್ಥೆಯನ್ನು ಹುಟ್ಟಿಸಿದ ಉದಾಹರಣೆಯೂ ಇಲ್ಲಿದೆ. ಸಯನ್ ಆಸ್ಪತ್ರೆಯ ನವಜಾತ ಶಿಶು ವಿಭಾಗದ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಅಲ್ಲಿ ಎದೆಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಏಷ್ಯಾದಲ್ಲಿಯೇ ಅದು ಮೊದಲನೆಯದು. ಮುಂದೆ 1999ರಲ್ಲಿ ಸ್ನೇಹಾ ಸಂಸ್ಥೆಯನ್ನು ಕಟ್ಟಿದರು, ಅದು ಧಾರಾವಿಯಂಥ ಬಸ್ತಿಗಳಲ್ಲಿ ತಾಯಿ ಮಕ್ಕಳ ನಡುವೆ ಕೆಲಸ ಮಾಡುತ್ತದೆ. ವಾರ್ಡಿನಲ್ಲಿ ಉಳಿಸಿದ ಕೂಸು ಮನೆಗೆ ಹೋಗಿ ಏನಾಯಿತು ಎಂಬುದು ವಾರ್ಡಿನೊಳಗೆ ನಿಂತವರಿಗೆ ತಿಳಿಯುವುದಿಲ್ಲ. ಅದನ್ನು ತಿಳಿಯಲು ಗಲ್ಲಿಗೆ ಇಳಿಯಬೇಕು.

ನಾನು ಪರೇಲಿನ ಸುತ್ತಮುತ್ತ ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಸಂಸ್ಥೆಯಲ್ಲಿದ್ದೆ. 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೆ ದೇಶದ ಎಲ್ಲ ಕಡೆಯಿಂದಲೂ ಜನ ಬರುತ್ತಾರೆ, ಕಲ್ಯಾಣ ಕರ್ನಾಟಕದಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬರುವವರೂ ಬಹಳ. ದಾದರಿನಲ್ಲಿ ಇಳಿದು, ಕೈಯಲ್ಲೊಂದು ಚೀಟಿ ಹಿಡಿದು, ಚೀಲದಲ್ಲಿ ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು ಬಂದವರು ಪರೀಕ್ಷೆಗಳು ಮುಗಿಯುವವರೆಗೆ ಎಲ್ಲಿ ಮಲಗುವುದು ಎಂಬುದೇ ಮೊದಲ ಪ್ರಶ್ನೆ. ಧರ್ಮಶಾಲೆಯಲ್ಲಿ ಜಾಗ ಸಿಗದಿದ್ದವರು ಪಾದಚಾರಿ ಮಾರ್ಗದ ಮೇಲೆಯೇ ಮಲಗುತ್ತಾರೆ. ಎರಡನೆಯದು ಕಾರ್ಡಿನ ಪ್ರಶ್ನೆ. ಕರ್ನಾಟಕದ ಪಡಿತರ ಚೀಟಿ ತೋರಿಸಿದರೆ ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯಲ್ಲಿ ಸಾಮಾನ್ಯವಾಗಿ ಸಹಾಯ ಸಿಗುವುದಿಲ್ಲ. ಕೇಂದ್ರದ ಆಯುಷ್ಮಾನ್ ಭಾರತ್ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಅದು ರಾಜ್ಯದ ಗಡಿ ದಾಟಿ ನಡೆಯುತ್ತದೆ. ಕಾರ್ಡು ಊರಿನ ಪೆಟ್ಟಿಗೆಯಲ್ಲಿ, ಆಧಾರಿನಲ್ಲಿ ಹೆಸರು ಒಂದು ತರಹ, ಕಡತದಲ್ಲಿ ಇನ್ನೊಂದು ತರಹ. ಬಸಮ್ಮ ಎಂದಿರುವುದನ್ನು ಬಸವಮ್ಮ ಎಂದು ಸರಿಪಡಿಸಲು ನಾನು ಕಳೆದ ದಿನಗಳನ್ನು ಕೂಡಿಸಿದರೆ ಒಂದು ವರ್ಷವಾದರೂ ಆದೀತು.

ಡೊಂಬಿವಲಿಯ ಸೋದರಿಗೆ ಒಂದು ಮಾತು: ವಿಮಾ ವಿಭಾಗದ ಎಂಟು ವರ್ಷ ವ್ಯರ್ಥ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಕಾಗದ ಯಾವ ಮೇಜಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ತಿಳಿದವರು ನಮ್ಮ ಕಡೆ ತೀರ ಕಡಿಮೆ. ಮಹಾರಾಷ್ಟ್ರದ ಸಾರ್ವಜನಿಕ ನ್ಯಾಸಗಳ ಕಾಯ್ದೆಯಡಿ ಧರ್ಮಾರ್ಥ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನೂ ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಬಾಂಬೆ ಹೈಕೋರ್ಟ್ 2006ರಲ್ಲಿ ಅದಕ್ಕೊಂದು ಯೋಜನೆಯನ್ನೇ ರೂಪಿಸಿತು. ಹಾಸಿಗೆ ಖಾಲಿ ಇಲ್ಲ ಎಂಬ ಉತ್ತರ ಬಂದಾಗ ಕಾನೂನಿನ ಆ ಸಾಲನ್ನು ಸೌಜನ್ಯದಿಂದ, ಆದರೆ ಕುರ್ಚಿ ಬಿಟ್ಟು ಏಳದೆ ಹೇಳಬಲ್ಲವರು ಬೇಕು. ನೀವು ಅದೇ ಮೇಜಿನ ಆಚೆ ಬದಿಯಲ್ಲಿ ಎಂಟು ವರ್ಷ ಕುಳಿತವರು.

ಹಡಪ್ಸರ, ಪುಣೆ

ಎಲ್ಲರೂ ಕೆಲಸದ ಒಳ್ಳೆಯ ಮುಖವನ್ನೇ ಬರೆಯುತ್ತಿದ್ದೀರಿ. ನಾನು ಎರಡು ವರ್ಷ ದುಡಿದು ಬಿಟ್ಟುಬಂದವನು, ಸಂಸ್ಥೆಯ ಹೆಸರು ಬೇಡ. ಅಲ್ಲಿ ‘ನಾವೆಲ್ಲ ಒಂದು ಕುಟುಂಬ’ ಎಂಬ ಮಾತು ದಿನಕ್ಕೆ ಎರಡು ಸಲ ಕೇಳಿಬರುತ್ತಿತ್ತು. ಕುಟುಂಬದಲ್ಲಿ ರಜೆ ಕೇಳುವ ಪದ್ಧತಿ ಇಲ್ಲವೆಂಬುದು ಅದರ ತಾತ್ಪರ್ಯ. ನೇಮಕಾತಿ ಪತ್ರವನ್ನು ಹನ್ನೊಂದು ತಿಂಗಳಿಗೆ ಕೊಟ್ಟು, ಒಂದು ವಾರ ಬಿಟ್ಟು ಮತ್ತೆ ಕೊಡುತ್ತಿದ್ದರು. ದಾನಿಯ ಕಂತು ತಡವಾದಾಗ ಮೂರು ತಿಂಗಳು ಸಂಬಳವಿಲ್ಲ, ಆದರೆ ದಾನಿಯ ಭೇಟಿಗೆ ಶಾಮಿಯಾನ, ಹೂಗುಚ್ಛ, ಊಟ ಯಾವುದಕ್ಕೂ ಕೊರತೆಯಿಲ್ಲ. ತಿಂಗಳಿಗೆ 400 ಮನೆ ಭೇಟಿ ಎಂಬ ಗುರಿ. ಮಳೆಗಾಲದಲ್ಲಿ ಅಷ್ಟು ಸಾಧ್ಯವಿಲ್ಲವೆಂದು ಹೇಳಿದ ಹುಡುಗಿಗೆ ಬೈಗುಳ, ಮನೆಯಲ್ಲಿ ಕುಳಿತೇ 400 ತುಂಬಿಸಿದ ಹುಡುಗನಿಗೆ ಪ್ರಶಸ್ತಿಪತ್ರ. ಆ ಹುಡುಗ ಒಳ್ಳೆಯವನೇ, ಅವನ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಸಂಸ್ಥಾಪಕರ ಮಾತಿಗೆ ಎದುರು ಹೇಳುವ ಒಬ್ಬರಾದರೂ ವಿಶ್ವಸ್ತ ಮಂಡಳಿಯಲ್ಲಿ ಇದ್ದಾರೆಯೇ ಎಂದು ನೋಡಿಕೊಂಡು ಸೇರಿ.

ಗೋವಂಡಿಯ ಕಾರ್ಯಕರ್ತೆ

ಪುಣೆಯವರು ಬರೆದದ್ದು ನಿಜ, ನಮ್ಮಲ್ಲಿಯೂ ಇದನ್ನು ಕಂಡಿದ್ದೇನೆ. ಸುಳ್ಳು ಭೇಟಿ ತುಂಬಿಸಿದಾಗ ಕಾಗದ ಹಾಳಾಗುವುದಷ್ಟೇ ಅಲ್ಲ, ಮುಂದಿನ ವರ್ಷದ ಗುರಿಯೂ ಅದೇ ಅಂಕಿಯ ಮೇಲೆ ನಿಲ್ಲುತ್ತದೆ.

ಲೆಕ್ಕಕ್ಕೆ ಸಿಗದ ಕೆಲಸದ ಒಂದು ಉದಾಹರಣೆ ಕೊಡುತ್ತೇನೆ. ಚಿಕಿತ್ಸೆಯಲ್ಲಿರುವ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಹಣ ನೇರ ಬ್ಯಾಂಕ್ ಖಾತೆಗೆ. ನಮ್ಮ ಬಸ್ತಿಯ ಒಬ್ಬ ಹೆಂಗಸಿಗೆ ತನ್ನ ಹೆಸರಿನ ಖಾತೆಯೇ ಇರಲಿಲ್ಲ. ಗಂಡನ ಖಾತೆ ಕೊಟ್ಟರೆ ಹಣ ಬಂದದ್ದು ಆಕೆಗೆ ತಿಳಿಯುವುದೇ ಇಲ್ಲ. ಮಾಲೀಕ ಬಾಡಿಗೆ ಪತ್ರ ಕೊಡುವುದಿಲ್ಲ, ಆಧಾರಿನಲ್ಲಿ ಊರಿನ ವಿಳಾಸ, ಬ್ಯಾಂಕಿನವರು ನಾಳೆ ಬಾ ಎಂದು ಐದು ಸಲ ಕಳುಹಿಸಿದರು; ಒಂದೊಂದು ನಾಳೆಗೂ ಆಕೆಯ ಒಂದು ದಿನದ ಕೂಲಿ ಹೋಯಿತು. ಆರನೆಯ ಸಲ ನಾನು ಜೊತೆಗೆ ಹೋಗಿ ಮಧ್ಯಾಹ್ನದವರೆಗೆ ಕುಳಿತೆ. ಖಾತೆಯಾಯಿತು. ಮೊದಲ ಕಂತಿನಲ್ಲಿ ಆಕೆ ಮೊಟ್ಟೆ, ಶೇಂಗಾ ಕೊಂಡಳು, ಅದರಲ್ಲಿ ಅರ್ಧವನ್ನು ಮಕ್ಕಳಿಗೆ ಕೊಟ್ಟಳು, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಆ ತಿಂಗಳ ನನ್ನ ವರದಿಯಲ್ಲಿ ಈ ಆರು ದಿನಗಳಿಗೆ ಒಂದು ಕಾಲಂ ಇರಲಿಲ್ಲ. ‘ಇತರೆ’ ಎಂಬಲ್ಲಿ ಬರೆದೆ. ನಮ್ಮ ಕೆಲಸದ ಅರ್ಧದಷ್ಟು ಅಲ್ಲಿಯೇ ಇದೆ ಎಂದು ಮ್ಯಾನೇಜರರಿಗೆ ಹೇಳಿದಾಗ, ಅವರು ನಗದೆ ಮರುವರ್ಷದ ಪ್ರಸ್ತಾವದಲ್ಲಿ ಬ್ಯಾಂಕ್ ಖಾತೆ ತೆರೆಸುವುದನ್ನು ಪ್ರತ್ಯೇಕ ಚಟುವಟಿಕೆಯಾಗಿ ಸೇರಿಸಿದರು. ಅಂಥ ಮ್ಯಾನೇಜರರೂ ಇದ್ದಾರೆ.

ವಾಸ್ಕೋದ ಆಪ್ತಸಮಾಲೋಚಕಿ

ಗೋವೆಯಿಂದ ಬರೆಯುತ್ತಿದ್ದೇನೆ. ಝುವಾರಿನಗರದ ಸುತ್ತ ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದ ಕೂಲಿ ಕುಟುಂಬಗಳ ನಡುವೆ ಮಾನಸಿಕ ಆರೋಗ್ಯದ ಕೆಲಸ ನನ್ನದು. ನಾನು ವೈದ್ಯೆಯಲ್ಲ, ಮನಶ್ಶಾಸ್ತ್ರ ಓದಿದವಳೂ ಅಲ್ಲ. ಪದವಿ ಮುಗಿಸಿ ತರಬೇತಿ ಪಡೆದವಳು. ನಮ್ಮಂಥ ಸಾಮಾನ್ಯರಿಗೆ ಕಲಿಸಿದರೆ ಖಿನ್ನತೆಗೆ ಆಪ್ತಸಮಾಲೋಚನೆ ಕೊಡಬಲ್ಲರೇ ಎಂಬುದನ್ನು ಗೋವೆಯಲ್ಲಿಯೇ ಶಾಸ್ತ್ರೀಯವಾಗಿ ಪರೀಕ್ಷಿಸಿ ನೋಡಿದ್ದಾರೆ. 1996ರಲ್ಲಿ ಸ್ಥಾಪನೆಯಾದ ಸಂಗಾತ್ ಸಂಸ್ಥೆಯ ಡಾ. ವಿಕ್ರಮ್ ಪಟೇಲ್ ಮತ್ತು ಜೊತೆಗಾರರ ಆ ಅಧ್ಯಯನ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಬಂದ ರೋಗಿಗಳಲ್ಲಿ ಅದು ಫಲ ಕೊಟ್ಟಿತ್ತು. ನಾನು ಕೆಲಸ ಮಾಡುವುದು ಬೇರೆ ಕಡೆ, ಆದರೆ ನಮ್ಮ ಹುದ್ದೆಗೆ ಆಧಾರ ಇಂಥ ಕೆಲಸವೇ.

ಇಲ್ಲಿ ಯಾರೂ ಖಿನ್ನತೆ ಎಂದು ಹೇಳಿಕೊಂಡು ಬರುವುದಿಲ್ಲ. ಎದೆ ಭಾರ, ತಲೆ ಧಿಮ್ ಅನ್ನುತ್ತದೆ, ಕೈಕಾಲು ಸೋಲು, ಊಟ ಸೇರುವುದಿಲ್ಲ, ಹೀಗೆ ಬರುತ್ತಾರೆ. ಕೊಂಕಣಿ ಬಲ್ಲ ವೈದ್ಯರಿಗೆ ‘ಜೀವ ಬ್ಯಾಸರಾಗೇದ’ ಎಂಬುದನ್ನು ಯಾರು ಅನುವಾದಿಸಿ ಕೊಡಬೇಕು? ಬೇಸರ ಎಂದರೆ ಸಾಲದು. ಆ ಮಾತಿನ ಒಳಗೆ ಎಷ್ಟು ಅಪಾಯವಿದೆ ಎಂಬುದನ್ನು ಕೇಳಿ ತಿಳಿಯಬೇಕು.

ನಾನು ಹೇಳಬೇಕೆಂದಿದ್ದದ್ದು ಇದು: ದಿನಕ್ಕೆ ಆರು ಜನರ ದುಃಖ ಕೇಳಿ ಮನೆಗೆ ಬಂದಾಗ ಮಗನ ಶಾಲೆಯ ಸುದ್ದಿ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನಮ್ಮಲ್ಲಿ ವಾರಕ್ಕೊಮ್ಮೆ ಹಿರಿಯರೊಬ್ಬರ ಮುಂದೆ ಎಲ್ಲರೂ ಕುಳಿತು, ಯಾರ ವಿಷಯದಲ್ಲಿ ನಾನು ಎಡವಿದೆ, ಯಾವ ಮಾತು ನನ್ನನ್ನು ಕಾಡುತ್ತಿದೆ ಎಂದು ಹೇಳಿಕೊಳ್ಳುವ ಪದ್ಧತಿ ಇದೆ. ಅದು ಕೆಲಸದ ಸಮಯದಲ್ಲಿಯೇ ನಡೆಯುತ್ತದೆ, ಹಾಜರಿಯೂ ಸಿಗುತ್ತದೆ. ಸೋದರಿ, ನಿಮ್ಮಲ್ಲಿ ಅಂಥದ್ದು ಇದೆಯೇ ಎಂದು ಕೇಳಿ. ಯೋಗ ಶಿಬಿರ ಇದೆ ಎಂದರೆ ಅದು ಉತ್ತರವಲ್ಲ.

ಕಾಂದಿವಲಿಯ ಹಿರಿಯರು

ಪರೇಲಿನ ತಾಯಿಯವರ ಮಾತನ್ನು ಎರಡು ಸಲ ಓದಿದೆ. ನಮ್ಮ ಗುರುಗಳಿಗೆ ಬ್ಯಾಂಕಿನ ಸಂಬಳವಿತ್ತೆಂಬುದು ನಿಜ. ಅದು ನನಗೆ ಹೊಳೆದಿರಲಿಲ್ಲ. ಉಳಿದ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೂ ನಮ್ಮ ಸಂಘ ಪ್ರತಿ ವರ್ಷ ನೋಟ್‌ಬುಕ್ ಹಂಚುವುದಕ್ಕೆಂದು ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಷರತ್ತಿಲ್ಲದೆ ಇಂಥ ಸಂಸ್ಥೆಗೆ ಕೊಡಬಹುದೇ ಎಂದು ಮುಂದಿನ ಸಭೆಯಲ್ಲಿ ಪ್ರಸ್ತಾಪಿಸುತ್ತೇನೆ. ಒಪ್ಪುತ್ತಾರೆಂಬ ಭರವಸೆ ಇಲ್ಲ. ಕಾರ್ಯದರ್ಶಿಗಳಿಗೆ ನೋಟ್‌ಬುಕ್ಕಿನ ರಕ್ಷಾಪುಟದ ಮೇಲೆ ಫೋಟೋ ಬೇಕು.

ಡೊಂಬಿವಲಿ ನಿವಾಸಿ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಎರಡನೆಯ ಸಂದರ್ಶನ ಶುಕ್ರವಾರ ಮುಗಿಯಿತು.

ನಿಮ್ಮೆಲ್ಲರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಹಣ ಎಲ್ಲಿಯದು ಎಂದು ಕೇಳಿದೆ; ಎರಡು ಕಂಪನಿಗಳ ಸಿಎಸ್‌ಆರ್, ಜೊತೆಗೆ ಸ್ವಲ್ಪ ವೈಯಕ್ತಿಕ ದೇಣಿಗೆ, ಸದ್ಯಕ್ಕೆ ಮುಂದಿನ ಮಾರ್ಚ್‌ವರೆಗೆ ಎಂದರು. ವಾರದ ಕೂಟ ಇದೆಯೇ ಎಂದು ಕೇಳಿದಾಗ, ತಿಂಗಳಿಗೊಮ್ಮೆ ಮಾತ್ರ ನಡೆಯುತ್ತದೆ, ಅದೂ ಕೆಲವೊಮ್ಮೆ ತಪ್ಪುತ್ತದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಹಣ ಮುಗಿದ ದಿನ ರೋಗಿಗಳು ಯಾರ ಕೈಗೆ ಎಂದು ಕೇಳಿದಾಗ ಮಾತ್ರ ಸಂದರ್ಶನ ಮಾಡುತ್ತಿದ್ದ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನಿಂದ ಒಂದು ಉದ್ದನೆಯ ರಿಜಿಸ್ಟರು ತರಿಸಿದರು. ಪ್ರತಿ ರೋಗಿಯ ಸಂಖ್ಯೆಯ ಮುಂದೆ ಚಿಕಿತ್ಸೆ ಮುಗಿಯಬೇಕಾದ ತಿಂಗಳು, ಅದು ಮಾರ್ಚ್ ದಾಟಿದರೆ ಕೆಂಪು ಗೆರೆ, ಕೆಂಪು ಗೆರೆ ಇದ್ದವರ ಮುಂದೆ ಮಹಾನಗರಪಾಲಿಕೆಯ ಆರೋಗ್ಯ ಕೇಂದ್ರದ ಯಾವ ಸೇವಿಕೆಗೆ ಜನವರಿಯಿಂದಲೇ ಪರಿಚಯ ಮಾಡಿಸಬೇಕು ಎಂಬುದನ್ನು ಕೈಬರಹದಲ್ಲಿ ಬರೆದಿದ್ದರು. ಎಲ್ಲ ಸಾಲುಗಳೂ ತುಂಬಿರಲಿಲ್ಲ. ಖಾಲಿ ಇದ್ದ ಏಳೆಂಟು ಸಾಲುಗಳನ್ನು ತೋರಿಸಿ, ನೀವು ಬಂದರೆ ನಿಮ್ಮ ಮೊದಲ ಕೆಲಸ ಇದು ಎಂದರು.

ಶನಿವಾರ ಬೆಳಗ್ಗೆ ಅವರ ಕಾರ್ಯಕರ್ತೆಯ ಜೊತೆ ಎರಡು ಗಂಟೆ ಸುತ್ತಿದೆ. ಒಂದು ಮನೆಯಲ್ಲಿ ಚಿತ್ತಾಪುರದ ಕಡೆಯ ದಂಪತಿ ಇದ್ದರು. ಕನ್ನಡ ಕೇಳಿದೊಡನೆ ಆತ, ಇಷ್ಟು ದಿನ ಯಾರಿಗೂ ಹೇಳಿರಲಿಲ್ಲವಂತೆ, ಮಾತ್ರೆ ನುಂಗಿದ ಮೇಲೆ ಕಾಲು ಉರಿಯುತ್ತದೆ, ಅದಕ್ಕೇ ದಿನ ಬಿಟ್ಟು ದಿನ ನುಂಗುತ್ತಿದ್ದೇನೆ ಎಂದರು. ಕಾರ್ಯಕರ್ತೆ ಕೂಡಲೇ ವೈದ್ಯಾಧಿಕಾರಿಗೆ ಫೋನು ಮಾಡಿದರು. ಹಿಂದಿಯಲ್ಲಿ ಕೇಳಿದಾಗಲೆಲ್ಲ ಆತ ‘ಸಬ್ ಠೀಕ್’ ಎಂದೇ ಹೇಳಿದ್ದರಂತೆ.

ಮನೆಗೆ ಬಂದು ಯಜಮಾನರ ಜೊತೆ ಕುಳಿತು ಲೆಕ್ಕ ಹಾಕಿದೆವು. ಸಾಲದ ಅವಧಿಯನ್ನು ನಾಲ್ಕು ವರ್ಷ ಹೆಚ್ಚಿಸಿದರೆ ಕಂತು ಇಳಿಯುತ್ತದೆ, ಬಡ್ಡಿ ಏರುತ್ತದೆ. ಅವರಿಗೆ ಪೂರ್ತಿ ಸಮಾಧಾನವಾಗಿಲ್ಲ, ನನಗೂ ಆಗಿಲ್ಲ. ಆದರೂ ಒಪ್ಪಿಗೆಯ ಪತ್ರ ಕಳುಹಿಸಿದ್ದೇನೆ. ಈಗಿನ ಆಸ್ಪತ್ರೆಯಲ್ಲಿ ಒಂದು ತಿಂಗಳ ನೋಟಿಸು ಮುಗಿಸಬೇಕು.

ಮುಲುಂಡಿನ ಲೆಕ್ಕಿಗ

ನೇಮಕಾತಿ ಪತ್ರದಲ್ಲಿ ಭವಿಷ್ಯನಿಧಿಯ ಉಲ್ಲೇಖ ಇದೆಯೇ ಎಂದು ನೋಡಿ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಅದು ಕಡ್ಡಾಯ, ಸೇವಾ ಸಂಸ್ಥೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಭವಿಷ್ಯನಿಧಿಯ ನಿಮ್ಮ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ, ಹೊಸದನ್ನು ಮಾಡಿಸಬೇಡಿ.

ಗೋವಂಡಿಯ ಕಾರ್ಯಕರ್ತೆ

ಏಳಕ್ಕೆ ಗಲ್ಲಿಯಲ್ಲಿರಬೇಕಾದರೆ ಡೊಂಬಿವಲಿಯಿಂದ ಐದೂವರೆಯ ಸುಮಾರಿಗೆ ಹೊರಡಬೇಕಾಗುತ್ತದೆ. ಕುರ್ಲಾದಲ್ಲಿ ಹಾರ್ಬರ್ ಗಾಡಿಗೆ ಬದಲಾಯಿಸುವಾಗ ಸೇತುವೆಯ ಮೇಲೆ ನೂಕುನುಗ್ಗಲು ಇರುತ್ತದೆ, ಅದಕ್ಕೂ ಹತ್ತು ನಿಮಿಷ ಇಟ್ಟುಕೊಳ್ಳಿ. ಮಳೆಗಾಲಕ್ಕೆ ರಬ್ಬರಿನ ಚಪ್ಪಲಿಯೇ ವಾಸಿ. ಆ ಚಿತ್ತಾಪುರದವರ ಕಾಲು ಉರಿ ಏನಾಯಿತು ಎಂದು ಸೇರಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.